ಅಜ್ಜಿಯ ಹಾಡಿಗೆ ಕಂಪ್ಯೂಟರಿನ ಕತ್ತರಿ

ಹಳೆಯ ಕ್ಯಾಸೆಟ್ಟಿನ ಗದ್ದಲ ತೆಗೆಯಲು, ಹಾಡನ್ನು ನಿಧಾನಿಸಿ ಮಕ್ಕಳಿಗೆ ಕಲಿಸಲು ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಬೇಕು?

'ಹಾಡ್ತಾ ಹಾಡ್ತಾ ರಾಗ, ಉಗುಳ್ತಾ ಉಗುಳ್ತಾ ರೋಗ' ಎಂಬ ಗಾದೆ ನಮಗೆಲ್ಲ ಗೊತ್ತು. ಹಾಡುತ್ತ ಹೋದರೆ ರಾಗ ತಾನಾಗಿ ಕೂಡಿಬರುತ್ತದೆ. ಆದರೆ ಹಾಡುತ್ತಿದ್ದವರೇ ಇಲ್ಲವಾದರೆ? ಆಗ ಉಳಿಯುವುದು ಕಪಾಟಿನ ಮೂಲೆಯ ಒಂದು ಕ್ಯಾಸೆಟ್. ಮದುವೆಯ ಹಿಂದಿನ ರಾತ್ರಿ ಅಜ್ಜಿ ಹೇಳಿದ ಸೋಬಾನೆ, ತೊಟ್ಟಿಲ ಬಳಿ ಹಾಡಿದ ಜೋಗುಳ, ಹಬ್ಬದ ದಿನ ಗಾನವೃಂದದವರು ಹಾಡಿದ ಭಕ್ತಿಗೀತೆ, ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಕಡಿಮೆ.

ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ ಸಿಗುವ ಕಿಣತ್ತುಕಡವು ಮತ್ತು ಅದರ ಆಸುಪಾಸಿನ ಕನ್ನಡ ಮನೆಗಳಿಗೆ ಇಂಥ ಕ್ಯಾಸೆಟ್ ಬರಿಯ ನೆನಪಿನ ವಸ್ತುವಲ್ಲ. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಈ ಸೀಮೆಯಲ್ಲಿ ನೆಲೆಸಿದ ಒಕ್ಕಲಿಗರು, ದೇವಾಂಗ ನೇಕಾರರು ಮೊದಲಾದ ಅನೇಕ ಕುಟುಂಬಗಳ ಮನೆಮಾತು ಇಂದಿಗೂ ಕನ್ನಡ. ಮಕ್ಕಳು ಓದುವುದು ಮಾತ್ರ ತಮಿಳು, ಇಂಗ್ಲಿಷ್. ಕನ್ನಡ ಹಾಡನ್ನು ಅವರಿಗೆ ತಮಿಳು ಲಿಪಿಯಲ್ಲಿ ಬರೆದು ಕೊಡೋಣವೆಂದರೆ ಅಲ್ಲೊಂದು ತೊಡಕು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ ಅಕ್ಷರ. 'ಬಾಲ' ಎಂಬುದೂ 'ಪಾಲ' ಎಂಬುದೂ ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ. ಭೇದ ತಿಳಿಯಬೇಕಾದರೆ ಕಿವಿಯಿಂದಲೇ ತಿಳಿಯಬೇಕು. ಹೀಗಾಗಿ ಅಂಥ ಮನೆಯ ಮಗುವಿಗೆ ಅಜ್ಜಿಯ ಕ್ಯಾಸೆಟ್ಟೇ ಕನ್ನಡದ ಪಠ್ಯಪುಸ್ತಕ.

ಆ ಪುಸ್ತಕದ ಹಾಳೆಗಳು ಈಗ ಮಾಸುತ್ತಿವೆ. ಕ್ಯಾಸೆಟ್ಟಿನ ಕಾಂತೀಯ ಲೇಪ ವರ್ಷಗಳು ಕಳೆದಂತೆ ಕಳಚುತ್ತದೆ. ಅದನ್ನು ನುಡಿಸುವ ಯಂತ್ರಗಳೂ, ರಿಪೇರಿ ಮಾಡುವವರೂ ಅಪರೂಪವಾಗುತ್ತಿದ್ದಾರೆ. ಆದ್ದರಿಂದ ಗಾನವೃಂದದ ಯುವಕ ಯುವತಿಯರು ನಮ್ಮನ್ನು ಕೇಳುವ ಪ್ರಶ್ನೆ ಸಮಯೋಚಿತವಾಗಿದೆ: "ಫಾದರ್, ಗದ್ದಲ ತೆಗೆಯುವುದಕ್ಕೂ ಹಾಡನ್ನು ನಿಧಾನ ಮಾಡುವುದಕ್ಕೂ ಯಾವ ಸಾಫ್ಟ್‌ವೇರ್ ಒಳ್ಳೆಯದು?" ಕೆಲಸ ಏನೆಂದು ತಿಳಿಯದೆ ಹತ್ಯಾರು ಆರಿಸುವುದು ಸರಿಯಲ್ಲ. ಆದ್ದರಿಂದ ಮೊದಲು ಕೆಲಸವನ್ನು ಅರ್ಥ ಮಾಡಿಕೊಳ್ಳೋಣ.

ಮೊದಲು ಕ್ಯಾಸೆಟ್, ಆಮೇಲೆ ಕಂಪ್ಯೂಟರ್

ಯಾವ ಸಾಫ್ಟ್‌ವೇರೂ ಕ್ಯಾಸೆಟ್ಟಿನಿಂದ ಹೊರಬಾರದ ಶಬ್ದವನ್ನು ತಂದುಕೊಡಲಾರದು. ಮೊದಲು ನುಡಿಸುವ ಯಂತ್ರದ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿರಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆಯನ್ನು ತಿದ್ದುತ್ತದೆ. ಅನುಭವಸ್ಥರ ಕೈಯಲ್ಲಿ ಅದನ್ನು ತುಸುವೇ ತಿರುಗಿಸಿದರೆ ಮಂಕಾಗಿದ್ದ ದನಿ ಹಲವು ಸಲ ತಟ್ಟನೆ ತಿಳಿಯಾಗುತ್ತದೆ. ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 48,000 ಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಗುಣಮಟ್ಟದಲ್ಲಿ ವೇವ್ ಫೈಲಾಗಿ ಇಳಿಸಿರಿ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದ ಸಲಹೆಯೂ ಇದೇ. ಒಂದು ಗಂಟೆಯ ಕ್ಯಾಸೆಟ್ ಸ್ಟೀರಿಯೋದಲ್ಲಿ ಸುಮಾರು 1 ಜಿಬಿ ಜಾಗ ಹಿಡಿಯುತ್ತದೆ. ಇಂದಿನ ದಿನಗಳಲ್ಲಿ ಅದು ಹೆಚ್ಚೇನಲ್ಲ. ಈ ಮೂಲ ಪ್ರತಿಯನ್ನು ಎರಡು ಕಡೆ ಉಳಿಸಿ, ಅದನ್ನು ಎಂದಿಗೂ ಮುಟ್ಟದೆ, ಮೂರನೆಯ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿರಿ.

ಶಬ್ದದ ಚಿತ್ರಪಟ

ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಶಬ್ದ ಏರಿಳಿಯುವ ಅಲೆಯಂತೆ ಕಾಣುತ್ತದೆ. ಎಲ್ಲಿ ಜೋರು, ಎಲ್ಲಿ ಮೆಲು ಎಂದಷ್ಟೇ ಅದು ಹೇಳುತ್ತದೆ. ಇನ್ನೊಂದು ನೋಟವಿದೆ. ಅದಕ್ಕೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಅದರಲ್ಲಿ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ, ಬಣ್ಣದ ಹೊಳಪಿನಲ್ಲಿ ಶಬ್ದದ ಬಲ. ಯಾವುದೇ ಸಂಕೀರ್ಣ ಅಲೆಯನ್ನು ಸರಳ ಅಲೆಗಳಾಗಿ ಬಿಡಿಸಬಹುದು ಎಂಬ ಫ್ರೆಂಚ್ ಗಣಿತಜ್ಞ ಫೋರಿಯೆಯ 19ನೇ ಶತಮಾನದ ವಿಚಾರವೇ ಇದರ ಬೇರು.

ಈ ಚಿತ್ರವನ್ನು ಓದಲು ಕಲಿತವರಿಗೆ ಕ್ಯಾಸೆಟ್ಟಿನ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ. ಟೇಪಿನ 'ಸ್ಸ್' ಎಂಬ ಸದ್ದು ಮೇಲ್ಭಾಗದಲ್ಲಿ ಹರಡಿದ ಸಣ್ಣ ಮರಳಿನಂತೆ. ಕೆಮ್ಮು, ತಟ್ಟೆ ಬಿದ್ದ ಸದ್ದು ನೆಟ್ಟಗೆ ನಿಂತ ಕಂಬದಂತೆ. ಗಂಟೆಯ ನಾದ ಮೆಲ್ಲನೆ ಮಾಸುವ ಅಡ್ಡಗೆರೆಗಳಂತೆ. ವಿದ್ಯುತ್ತಿನ 'ಗುಂಯ್' ಸದ್ದು 50, 100, 150 ಹರ್ಟ್ಸ್‌ಗಳಲ್ಲಿ ಗೀಟೆಳೆದ ಹಾಗೆ ನೇರವಾಗಿರುತ್ತದೆ. ಪಾಲಘಾಟ್ ಕಣಿವೆಯಿಂದ ಬೀಸುವ ಗಾಳಿಗೆ ತೆರೆದುಕೊಂಡ ಕಿಣತ್ತುಕಡವಿನಂಥ ಊರಿನಲ್ಲಿ ಅಂಗಳದಲ್ಲಿ ಧ್ವನಿಮುದ್ರಣ ಮಾಡಿದ್ದರೆ ಚಿತ್ರದ ತಳದಲ್ಲಿ ಒಂದು ಮೋಡ ಕವಿದಂತೆ ಕಾಣುತ್ತದೆ. ಮೈಕಿಗೆ ಬಡಿದ ಗಾಳಿ ಅದು.

ಸ್ಪೆಕ್ಟ್ರಲ್ ಎಡಿಟಿಂಗ್ ಎಂದರೆ ಈ ಚಿತ್ರದ ಮೇಲೆಯೇ ಕೈಯಾಡಿಸುವುದು. ಹಾಡಿನ ನಡುವೆ ಒಂದು ಹಾರ್ನ್ ಕೂಗಿದ್ದರೆ ಆ ಗೆರೆಗಳನ್ನಷ್ಟೇ ಗುರುತು ಮಾಡಿ ಮಂಕುಗೊಳಿಸಬಹುದು. ಅದೇ ಕ್ಷಣದ ಉಳಿದ ಶಬ್ದ ಹಾಗೆಯೇ ಉಳಿಯುತ್ತದೆ. ಅಕ್ಕಿಯಿಂದ ಕಲ್ಲು ಆರಿಸುವಂಥ ತಾಳ್ಮೆಯ ಕೆಲಸ.

ಇದರಲ್ಲಿ ಒಂದು ಮಿತಿಯಿದೆ. ಕಂಪ್ಯೂಟರ್ ಶಬ್ದವನ್ನು ಚಿಕ್ಕ ಚಿಕ್ಕ ಕಿಟಕಿಗಳ ಮೂಲಕ ನೋಡುತ್ತದೆ. ಸಿ.ಡಿ. ಗುಣಮಟ್ಟದಲ್ಲಿ 4096 ಮಾದರಿಗಳ ಕಿಟಕಿ ಎಂದರೆ ಸೆಕೆಂಡಿನ ಸುಮಾರು ಹನ್ನೊಂದನೆಯ ಒಂದು ಪಾಲು. ಆಗ ಸುಮಾರು 11 ಹರ್ಟ್ಸ್ ಅಂತರದ ಸ್ವರಗಳೂ ಬೇರೆಯಾಗಿ ಕಾಣುತ್ತವೆ, ಆದರೆ ತಾಳದ ಪೆಟ್ಟು ಎಲ್ಲಿ ಬಿತ್ತೆಂಬುದು ಮಸುಕಾಗುತ್ತದೆ. ಕಿಟಕಿ 1024ಕ್ಕೆ ಇಳಿದರೆ ಪೆಟ್ಟು ಸ್ಪಷ್ಟ, ಸ್ವರ ಮಸುಕು. ಎರಡೂ ಒಟ್ಟಿಗೆ ಸ್ಪಷ್ಟವಾಗಲಾರವು ಎಂಬುದನ್ನು ಡೆನಿಸ್ ಗಾಬರ್ ಎಂಬ ವಿಜ್ಞಾನಿ 1946ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಈ ಕಿಟಕಿಯ ಅಳತೆಯನ್ನು ನಾವೇ ಬದಲಿಸಲು ಬಿಡುವ ಸಾಫ್ಟ್‌ವೇರ್ ಬೇಕು. ಇದು ಆಯ್ಕೆಯ ಮೊದಲ ಒರೆಗಲ್ಲು.

ಏನನ್ನು ಅಳಿಸಬೇಕು, ಏನನ್ನು ಬಿಡಬೇಕು?

ಇಲ್ಲಿಯೇ ನಿಜವಾದ ಅಪಾಯವಿರುವುದು. ಟೇಪಿನ 'ಸ್ಸ್' ಸದ್ದು ಇರುವ ಎತ್ತರದಲ್ಲಿಯೇ ನಮ್ಮ ಸ, ಶ, ಷ ಅಕ್ಷರಗಳ ಉಸಿರೂ ಇದೆ. 'ಹ'ಕಾರವಂತೂ ಬರಿಯ ಉಸಿರು. ಗದ್ದಲ ಪೂರ್ತಿ ಹೋಗಲಿ ಎಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಗದ್ದಲದ ಜೊತೆ ಆ ಉಸಿರೂ ಹೋಗುತ್ತದೆ. ಅಜ್ಜಿ 'ಹಾಡು' ಎಂದಿದ್ದು ಮೊಮ್ಮಗಳ ಕಿವಿಗೆ 'ಆಡು' ಎಂದು ಕೇಳಿಸುತ್ತದೆ. ಕನ್ನಡ ಓದಲು ಬಾರದ ಮಗು ಅದನ್ನೇ ಕಲಿಯುತ್ತದೆ. ಶುದ್ಧಮಾಡಲು ಹೋಗಿ ಮಾತನ್ನೇ ಕೆಡಿಸಿದಂತಾಗುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಳ್ಳೆಯ ಸಾಫ್ಟ್‌ವೇರುಗಳಲ್ಲಿ ತಾನು ತೆಗೆದುಹಾಕುತ್ತಿರುವ ಶಬ್ದವನ್ನಷ್ಟೇ ಕೇಳಿಸುವ ಅನುಕೂಲವಿರುತ್ತದೆ. ಆಡಾಸಿಟಿಯಲ್ಲಿ ಅದಕ್ಕೆ ರೆಸಿಡ್ಯೂ ಎಂದು ಹೆಸರು. ಕಸದ ಬುಟ್ಟಿಗೆ ಬಿದ್ದದ್ದನ್ನು ಒಮ್ಮೆ ಕಿವಿಗೊಟ್ಟು ಕೇಳಿರಿ. ಬರಿಯ ಸದ್ದು ಕೇಳಿದರೆ ಸರಿ. ಅದರಲ್ಲಿ ಮಾತಿನ ಚೂರು ಕೇಳಿಸಿದರೆ ಕತ್ತರಿ ಆಳಕ್ಕೆ ಹೋಗಿದೆ ಎಂದರ್ಥ. ಒಂದೇ ಸಲ ಹೆಚ್ಚು ತೆಗೆಯುವುದಕ್ಕಿಂತ ಸ್ವಲ್ಪ ಗದ್ದಲ ಉಳಿಸುವುದೇ ಮೇಲು. ಕಿವಿ ಅದಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ನಮ್ಮ ಸಂಗೀತಕ್ಕೇ ಸೇರಿದ ಇನ್ನೆರಡು ಎಚ್ಚರಿಕೆಗಳಿವೆ. ಗದ್ದಲದ ನಮೂನೆಯನ್ನು ಯಂತ್ರಕ್ಕೆ ತೋರಿಸುವಾಗ ಹಿನ್ನೆಲೆಯಲ್ಲಿ ತಂಬೂರಿಯಾಗಲಿ ಶ್ರುತಿಪೆಟ್ಟಿಗೆಯಾಗಲಿ ನುಡಿಯುತ್ತಿರಬಾರದು. ಬೆಂಗಳೂರಿನ ಜಿ. ರಾಜನಾರಾಯಣರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಅದು ಅನೇಕ ಧ್ವನಿಮುದ್ರಣಗಳಲ್ಲಿ ಎಡೆಬಿಡದೆ ಕೇಳಿಸುತ್ತದೆ. ಎಡೆಬಿಡದೆ ಇರುವುದೆಲ್ಲ ಗದ್ದಲ ಎಂದು ಯಂತ್ರ ತಿಳಿಯುತ್ತದೆ, ಶ್ರುತಿಯನ್ನೇ ನುಂಗಿಬಿಡುತ್ತದೆ. ಇನ್ನು ಮೃದಂಗ. ಸರ್ ಸಿ.ವಿ. ರಾಮನ್ನರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ತೋರಿಸಿದಂತೆ, ಅದರ ಚರ್ಮದ ನಡುವಿನ ಕಪ್ಪು ಕರಣೆಯ ದೆಸೆಯಿಂದ ಮೃದಂಗದ ನಾದ ತಂತಿವಾದ್ಯದ ನಾದದಂತೆ ಕ್ರಮಬದ್ಧ ಸ್ವರಗಳನ್ನು ಹೊಂದಿದೆ. ಸಾಮಾನ್ಯ ಡೋಲಿಗೆ ಆ ಗುಣವಿಲ್ಲ. ಚಿತ್ರದಲ್ಲಿ ಮೃದಂಗದ ಗೆರೆಗಳು ಗಾಯಕಿಯ ಗೆರೆಗಳೊಡನೆ ಬೆರೆತಿರುತ್ತವೆ. ಮೃದಂಗದ ದನಿ ತಗ್ಗಿಸಲು ಹೋದರೆ ಗಾಯಕಿಯ ದನಿಯೂ ಗಾಯಗೊಳ್ಳುತ್ತದೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ. 2019ರಲ್ಲಿ ಡೀಜರ್ ಸಂಸ್ಥೆ ಉಚಿತವಾಗಿ ಹೊರತಂದ ಸ್ಪ್ಲೀಟರ್, ಅಂಥದೇ ಇನ್ನೊಂದು ಸಾಧನವಾದ ಡೀಮಕ್ಸ್ ಮುಂತಾದವು ಹಾಡನ್ನು ಗಾಯನ, ಡ್ರಮ್, ಬಾಸ್, ಉಳಿದದ್ದು ಎಂದು ನಾಲ್ಕು ಪಾಲು ಮಾಡುತ್ತವೆ. ಪಾಲಿನ ಹೆಸರುಗಳನ್ನು ನೋಡಿದರೇ ಅವು ಯಾವ ಬಗೆಯ ಸಂಗೀತಕ್ಕೆಂದು ಮಾಡಿದವು ಎಂಬುದು ತಿಳಿಯುತ್ತದೆ. ತಂಬೂರಿ, ಹಾರ್ಮೋನಿಯಂ, ತಾಳ ಎಲ್ಲ ಸಿಕ್ಕಲ್ಲಿ ಸೇರಿಕೊಳ್ಳುತ್ತವೆ. ಪ್ರಯತ್ನಿಸಿ ನೋಡಬಹುದು, ಆದರೆ ಕಣ್ಣುಮುಚ್ಚಿ ನಂಬಬಾರದು.

ಶ್ರುತಿ ತಾಯಿ, ಲಯ ತಂದೆ

ಈಗ ಎರಡನೆಯ ಕೆಲಸ. ಮಕ್ಕಳು ಕಲಿಯಲು ಹಾಡು ನಿಧಾನವಾಗಬೇಕು. ಅಥವಾ ಯುವಜನರು ಅಜ್ಜಿಯ ಎರಡು ಸಾಲನ್ನು ತಮ್ಮ ಹೊಸ ಹಾಡಿನೊಳಗೆ ತಾಳಕ್ಕೆ ಸರಿಯಾಗಿ ಕೂರಿಸಬೇಕು.

ಶ್ರುತಿ ತಾಯಿ, ಲಯ ತಂದೆ ಎಂಬ ಹಿರಿಯರ ಮಾತಿದೆ. ಕ್ಯಾಸೆಟ್ಟಿನಲ್ಲಿ ಇಬ್ಬರನ್ನೂ ಅಗಲಿಸಲಾಗದು. ಟೇಪು ನಿಧಾನವಾಗಿ ಓಡಿದರೆ ಲಯದ ಜೊತೆ ಶ್ರುತಿಯೂ ಇಳಿಯುತ್ತದೆ. ನಿಮಿಷಕ್ಕೆ 90 ಬಡಿತದ ಹಾಡನ್ನು 72ಕ್ಕೆ ಇಳಿಸಿದೆವು ಎನ್ನಿ. 4 ನಿಮಿಷದ ಹಾಡು 5 ನಿಮಿಷವಾಗುತ್ತದೆ. ಅದರೊಡನೆ ಶ್ರುತಿ ಸುಮಾರು ನಾಲ್ಕು ಸ್ವರಸ್ಥಾನ ಕೆಳಗಿಳಿದು, ಷಡ್ಜವಿದ್ದಲ್ಲಿ ಶುದ್ಧ ಧೈವತ ಕೇಳಿಸುತ್ತದೆ. ಅಜ್ಜಿಯ ದನಿ ಗಂಡಸಿನ ದನಿಯಾಗುತ್ತದೆ. ಶ್ರುತಿಯನ್ನು ಹಾಗೆಯೇ ಇರಿಸಿ ಲಯವನ್ನಷ್ಟೇ ಬದಲಿಸುವುದಕ್ಕೆ ಟೈಮ್ ಸ್ಟ್ರೆಚಿಂಗ್ ಎಂದು ಹೆಸರು.

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಶಬ್ದವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದರ ಮೇಲೊಂದು ತುಸು ಹೊದಿಸಿ ಮತ್ತೆ ಜೋಡಿಸುವುದು. ಇನ್ನೊಂದು, ಮೇಲೆ ಹೇಳಿದ ಚಿತ್ರಪಟವನ್ನೇ ಅಗಲಕ್ಕೆ ಎಳೆದು ಅದರಿಂದ ಶಬ್ದವನ್ನು ಮತ್ತೆ ಹುಟ್ಟಿಸುವುದು. ಈ ಎರಡನೆಯದಕ್ಕೆ ಫೇಸ್ ವೊಕೋಡರ್ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಅದನ್ನು ವಿವರಿಸಿದರು. ಎಳೆದ ಸ್ವರಗಳಿಗೆ ಇದು ಚೆನ್ನ. ತಾಳವಾದ್ಯದ ಪೆಟ್ಟು ಮಾತ್ರ ನೀರಿನಲ್ಲಿ ಬಿದ್ದ ಶಾಯಿಯಂತೆ ಹರಡಿಕೊಳ್ಳುತ್ತದೆ. ಮೊದಲನೆಯದರಲ್ಲಿ ಪೆಟ್ಟು ಗಟ್ಟಿಯಾಗಿರುತ್ತದೆ, ಆದರೆ ಬಹಳ ಎಳೆದರೆ ಒಂದೇ ಪೆಟ್ಟು ಎರಡು ಸಲ ಬಿದ್ದಂತೆ ಕೇಳಿಸುತ್ತದೆ. ಆದ್ದರಿಂದ ಒಂದೇ ವಿಧಾನವಿರುವ ಸಾಫ್ಟ್‌ವೇರ್ ಸಾಲದು. ದನಿಗೊಂದು, ತಾಳಕ್ಕೊಂದು, ಎರಡೂ ಕೂಡಿದ ಹಾಡಿಗೊಂದು ವಿಧಾನ ಇರಬೇಕು. ಇದು ಎರಡನೆಯ ಒರೆಗಲ್ಲು. ಯಾವುದರಲ್ಲೇ ಆಗಲಿ ಐದರಲ್ಲಿ ಒಂದು ಪಾಲು ವೇಗ ಇಳಿಸಿದರೆ ಕಿವಿ ಒಪ್ಪುತ್ತದೆ. ಅರ್ಧಕ್ಕೆ ಇಳಿಸಿದರೆ ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ.

ಎಳೆಯುವ ಮೊದಲು ಕ್ಯಾಸೆಟ್ ಸರಿಯಾದ ವೇಗದಲ್ಲಿ ಓಡಿದೆಯೇ ಎಂದು ನೋಡಬೇಕಲ್ಲವೇ? ಇಲ್ಲಿ ನಾವು ಬೈದುಕೊಳ್ಳುವ ಆ 'ಗುಂಯ್' ಸದ್ದೇ ಉಪಕಾರಕ್ಕೆ ಬರುತ್ತದೆ. ಅಂದು ಮನೆಯ ಕರೆಂಟಿನಲ್ಲಿ ಧ್ವನಿಮುದ್ರಣ ಮಾಡಿದ್ದರೆ 50 ಹರ್ಟ್ಸ್ ಗೆರೆ ಟೇಪಿನಲ್ಲಿ ಉಳಿದಿರುತ್ತದೆ. ಈಗ ಅದು 52ರಲ್ಲಿ ಕಂಡರೆ ಟೇಪು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತಿದೆ ಎಂದು ಊಹಿಸಬಹುದು. ಆದರೆ ಹಿಂದಿನ ವರ್ಷಗಳಲ್ಲಿ ನಮ್ಮ ದಕ್ಷಿಣದ ವಿದ್ಯುತ್ ಜಾಲದಲ್ಲಿ ಈ ಸಂಖ್ಯೆಯೇ ಆಗಾಗ 50ರಿಂದ ಜಾರುತ್ತಿತ್ತು. ಹೀಗಾಗಿ ಇದೊಂದು ಸುಳಿವು ಮಾತ್ರ. ಹಾಡಿನಲ್ಲಿರುವ ಹಾರ್ಮೋನಿಯಂ ಮನೆಯಲ್ಲಿ ಇನ್ನೂ ಇದ್ದರೆ ಅದರ ಮನೆಯೊಂದನ್ನು ಒತ್ತಿ ಹೋಲಿಸುವುದು ಇನ್ನೂ ಒಳ್ಳೆಯದು. ಗ್ರಾಮಫೋನ್ ಕಾಲದ ತಟ್ಟೆಗಳಿಗೂ ಇದೇ ಪ್ರಶ್ನೆ ಇದೆ. 1902ರಲ್ಲಿ ನಮ್ಮ ದೇಶದ ಮೊದಮೊದಲ ಧ್ವನಿಮುದ್ರಣಗಳಿಗೆ ಹಾಡಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನರಂಥವರ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುವವರೂ ಮೊದಲು ಕೇಳಿಕೊಳ್ಳಬೇಕಾದದ್ದು, 'ಆಕೆಯ ನಿಜವಾದ ಶ್ರುತಿ ಯಾವುದು?' ಎಂದೇ.

ತಾಳದ ಗೆರೆಗೆ ಕೂರಿಸುವಾಗ

ಮನೆಯಲ್ಲಿ ಹಾಡುವವರು ಗಡಿಯಾರ ಇಟ್ಟುಕೊಂಡು ಹಾಡುವುದಿಲ್ಲ. ಪಲ್ಲವಿ ನಿಧಾನವಾಗಿದ್ದು ಕೊನೆಯ ನುಡಿ ಬರುವಾಗ ಓಟ ಹಿಡಿದಿರುತ್ತದೆ. ಸಾಫ್ಟ್‌ವೇರ್ ತಾನಾಗಿ ತಾಳ ಕಂಡುಹಿಡಿಯುತ್ತದೆ ಎನ್ನುವುದು ನಿಜವಾದರೂ, ಅದು ಹಲವು ಸಲ ಇಮ್ಮಡಿ ಅಥವಾ ಅರ್ಧ ವೇಗ ಎಂದು ಎಣಿಸುತ್ತದೆ. ಐದರ ಖಂಡಛಾಪು, ಏಳರ ಮಿಶ್ರಛಾಪು ಬಂದರೆ ಇನ್ನಷ್ಟು ತಬ್ಬಿಬ್ಬಾಗುತ್ತದೆ. ಆದ್ದರಿಂದ ತಾಳದ ಗುರುತುಗಳನ್ನು ಕೈಯಿಂದಲೇ ಇಡಲು, ಸರಿಸಲು ಬಿಡುವ ಸಾಫ್ಟ್‌ವೇರ್ ಬೇಕು. ಇದು ಮೂರನೆಯ ಒರೆಗಲ್ಲು.

ಸಾಧ್ಯವಿದ್ದಲ್ಲೆಲ್ಲ ಹಾಡನ್ನು ಗೆರೆಗೆ ಎಳೆಯುವ ಬದಲು ಗೆರೆಯನ್ನು ಹಾಡಿನ ಹಿಂದೆ ಕಳಿಸಿರಿ. ಅಂದರೆ ಅಜ್ಜಿ ಎಲ್ಲಿ ಓಡಿದರೋ ಅಲ್ಲಿ ಹೊಸ ಕೀಬೋರ್ಡೂ ಓಡಲಿ. ಆ ಓಟ ತಪ್ಪಲ್ಲ, ಅದು ಅವರ ಉಸಿರು.

ಹಾಗಾದರೆ ಯಾವುದು?

ಆಡಾಸಿಟಿ: 2000ದಿಂದ ಜನಬಳಕೆಯಲ್ಲಿರುವ ಮುಕ್ತ, ಉಚಿತ ಸಾಫ್ಟ್‌ವೇರ್. ಸ್ಪೆಕ್ಟ್ರೋಗ್ರಾಮ್ ನೋಟ, ಕಿಟಕಿಯ ಅಳತೆ ಬದಲಿಸುವ ಸೌಕರ್ಯ, ಗದ್ದಲ ತಗ್ಗಿಸುವ ಸಾಧನ ಎಲ್ಲ ಇವೆ. 2023ರ 3.4ನೇ ಆವೃತ್ತಿಯಿಂದ ತಾಳದ ಗೆರೆಗಳೂ, ಮೂಲ ಕೆಡದಂತೆ ಎಳೆಯುವ ಸೌಕರ್ಯವೂ ಸೇರಿದವು. ಒಂದು ಮನೆಯ ಹತ್ತಾರು ಕ್ಯಾಸೆಟ್ಟುಗಳಿಗೆ, ಮಕ್ಕಳ ಅಭ್ಯಾಸದ ಪ್ರತಿಗಳಿಗೆ ಇದು ಸಾಕು.

ಸಾನಿಕ್ ವಿಶುವಲೈಸರ್: ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು, ಉಚಿತ. ಇದು ತಿದ್ದುವುದಿಲ್ಲ, ತೋರಿಸುತ್ತದೆ. ಚಿತ್ರಪಟ ಓದಲು ಕಲಿಯುವವರಿಗೆ ಒಳ್ಳೆಯ ಗುರು.

ರೀಪರ್: ತಾಳದ ಕೆಲಸಕ್ಕೆ ನಮ್ಮ ಒಲವು ಇದರ ಕಡೆಗೆ. ಎಳೆಯಲು ಹಲವು ವಿಧಾನಗಳು, ಕೈಯಿಂದ ಇಡುವ ಗುರುತುಗಳು, ಸ್ವಲ್ಪ ಮಟ್ಟಿನ ಸ್ಪೆಕ್ಟ್ರಲ್ ತಿದ್ದುಪಡಿ ಎಲ್ಲವೂ ಇವೆ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಮನೆಬಳಕೆಯವರಿಗೂ ಲಾಭಕ್ಕಾಗಿ ದುಡಿಯದ ಸಂಸ್ಥೆಗಳಿಗೂ ರಿಯಾಯಿತಿ ದರ ಬಹುಕಾಲದಿಂದ 60 ಡಾಲರ್.

ಏಬಲ್ಟನ್ ಲೈವ್: 2001ರಲ್ಲಿ ಬಂದದ್ದು. ತುಣುಕುಗಳನ್ನು ತಾಳಕ್ಕೆ ಕೂರಿಸುವುದರಲ್ಲಿ ಹೆಸರುವಾಸಿ. ತಾಳಕ್ಕೆ, ದನಿಗೆ, ಇಡೀ ಹಾಡಿಗೆ ಬೇರೆ ಬೇರೆ ವಿಧಾನಗಳಿವೆ. ಹೊಸ ಹಾಡು ಕಟ್ಟುವ ಯುವಜನರಿಗೆ ಹಿಡಿಸುತ್ತದೆ. ಬೆಲೆ ಹೆಚ್ಚು.

ಐಜೋಟೋಪ್ ಆರ್‌ಎಕ್ಸ್ ಮತ್ತು ಸ್ಟೈನ್‌ಬರ್ಗ್ ಸ್ಪೆಕ್ಟ್ರಾಲೇಯರ್ಸ್: ಚಿತ್ರಪಟದ ಮೇಲಿನ ಸೂಕ್ಷ್ಮ ಕೆಲಸಕ್ಕೆ ಇವೇ ಮುಂದಿನ ಸಾಲಿನವು. ಅಗ್ಗದ ಚಿಕ್ಕ ಆವೃತ್ತಿಗಳಲ್ಲಿ ಎಲ್ಲ ಉಪಕರಣಗಳೂ ಇರುವುದಿಲ್ಲ. ನಿಮಗೆ ಬೇಕಾದದ್ದು ಇದೆಯೇ ಎಂದು ಮೊದಲು ನೋಡಿಕೊಳ್ಳಿರಿ. ನಾಲ್ಕಾರು ಕ್ಯಾಸೆಟ್ಟುಗಳಿಗಾಗಿ ಇಷ್ಟು ಹಣ ಹೂಡುವ ಬದಲು, ತೀರಾ ಕೆಟ್ಟಿರುವ ಒಂದೆರಡನ್ನು ಕೊಯಮತ್ತೂರಿನಲ್ಲೋ ಬೆಂಗಳೂರಿನಲ್ಲೋ ಬಲ್ಲ ಸ್ಟುಡಿಯೋದವರಿಗೆ ಕೊಡುವುದೇ ಜಾಣತನ.

ಜಾಹೀರಾತು ನೋಡಿ ತೀರ್ಮಾನಿಸಬೇಡಿರಿ. ನಿಮ್ಮ ಕ್ಯಾಸೆಟ್ಟಿನದೇ 30 ಸೆಕೆಂಡಿನ ತುಣುಕೊಂದನ್ನು ಆರಿಸಿರಿ. ಅದರಲ್ಲಿ ಒಂದು 'ಹ', ಒಂದು 'ಸ', ಒಂದು ಎಳೆದ ಸ್ವರ, ಒಂದು ತಾಳದ ಪೆಟ್ಟು ಇರಲಿ. ಎಲ್ಲ ಸಾಫ್ಟ್‌ವೇರುಗಳಲ್ಲೂ ಅದನ್ನೇ ಶುಚಿಗೊಳಿಸಿ, ಅದನ್ನೇ ಐದರಲ್ಲಿ ಒಂದು ಪಾಲು ನಿಧಾನಿಸಿರಿ. ಆಮೇಲೆ ಯಾವುದು ಯಾವುದೆಂದು ಹೇಳದೆ ಮನೆಯ ಹಿರಿಯರಿಗೆ ಕೇಳಿಸಿರಿ. "ಇದು ನಮ್ಮಮ್ಮನ ದನಿ" ಎಂದು ಅವರು ಯಾವುದಕ್ಕೆ ಹೇಳುತ್ತಾರೋ ಅದೇ ನಿಮ್ಮ ಸಾಫ್ಟ್‌ವೇರ್.

ಕೊನೆಯದಾಗಿ ಎರಡು ಮಾತು

ಬೆಲೆಯ ಸಾಫ್ಟ್‌ವೇರಿನ ಕದ್ದ ಪ್ರತಿಗಳು ಸುಲಭವಾಗಿ ಸಿಗುತ್ತವೆ. 'ಒಳ್ಳೆಯ ಕೆಲಸಕ್ಕೆ ತಾನೇ?' ಎಂಬ ಸಮಾಧಾನವೂ ಜೊತೆಗೇ ಸಿಗುತ್ತದೆ. ಕದ್ದ ಹೂವಿನಿಂದ ಬಲಿಪೀಠ ಸಿಂಗರಿಸಿದರೆ ಹೇಗೆ? ಉಚಿತವಾಗಿ, ನ್ಯಾಯವಾಗಿ ಸಿಗುವುದೇ ಸಾಕಷ್ಟಿರುವಾಗ ಈ ದಾರಿ ಏಕೆ? ಅಂಥ ಪ್ರತಿಗಳೊಂದಿಗೆ ವೈರಸ್ ಬಂದರೆ ಇರುವ ಹಾಡುಗಳೂ ಹೋಗುತ್ತವೆ.

ಹಾಗೆಯೇ ಹಾಡಿನ ಹಕ್ಕು. ಮನೆಯ ಅಜ್ಜಿಯ ಜನಪದ ಹಾಡನ್ನು ಮನೆಯವರಿಗಾಗಿ ತಿದ್ದುವುದು ಒಂದು ಮಾತು. ಕವಿಯೊಬ್ಬರು ಬರೆದ, ಕಂಪನಿಯೊಂದು ಹೊರತಂದ ಹಾಡಿನ ತುಣುಕನ್ನು ಹೊಸ ಸಿ.ಡಿ.ಯಲ್ಲೋ ಅಂತರ್ಜಾಲದಲ್ಲೋ ಹಾಕುವುದು ಬೇರೆ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯದ ಹಕ್ಕು ಕವಿಯ ಮರಣಾನಂತರ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ಕಾಯಿದೆ ವಿನಾಯಿತಿ ಕೊಟ್ಟಿದೆ, ಸಿ.ಡಿ. ಮಾಡಿ ಮಾರುವುದಕ್ಕಲ್ಲ. ಕೇಳಿ ಪಡೆಯಿರಿ. ಕೇಳಿದರೆ ಸಂತೋಷದಿಂದ ಕೊಡುವವರೇ ಹೆಚ್ಚು.

ಪ್ರಿಯ ಓದುಗರೇ, ಸಾಫ್ಟ್‌ವೇರುಗಳು ವರ್ಷ ವರ್ಷ ಬದಲಾಗುತ್ತವೆ. ಇಂದು ಆರಿಸಿದ್ದಕ್ಕಿಂತ ಒಳ್ಳೆಯದು ನಾಳೆ ಬಂದೇ ಬರುತ್ತದೆ. ಮೂಲ ಪ್ರತಿ ಉಳಿದಿದ್ದರೆ ನಾಳೆಯ ಮಕ್ಕಳು ಅದನ್ನು ಇನ್ನೂ ಚೆನ್ನಾಗಿ ತೊಳೆದುಕೊಳ್ಳುತ್ತಾರೆ. ಅದಿಲ್ಲವಾದರೆ ಯಾವ ಸಾಫ್ಟ್‌ವೇರಿನಿಂದ ಏನು ಪ್ರಯೋಜನ? ಆದ್ದರಿಂದ ಆಯ್ಕೆಯ ಚರ್ಚೆ ಮುಗಿಯಲೆಂದು ಕಾಯಬೇಡಿರಿ. ಈ ರಜೆಯಲ್ಲಿಯೇ ಕಪಾಟು ತೆರೆದು, ಯಾರ ದನಿ, ಯಾವ ಊರು, ಯಾವ ವರ್ಷ ಎಂದು ಪ್ರತಿ ಕ್ಯಾಸೆಟ್ಟಿನ ಮೇಲೂ ಬರೆಯಿರಿ. ಅದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಬರೆಯಿರಿ. ಆ ಒಂದು ಕೆಲಸವನ್ನು ಯಾವ ಕಂಪ್ಯೂಟರೂ ನಮ್ಮ ಬದಲಿಗೆ ಮಾಡಿಕೊಡಲಾರದು.